ಅಫಿಲಿಯೇಟ್ ಮಾರಾಟದಲ್ಲಿ ಜಂಟಿ ಜಾಹೀರಾತು ನಿಧಿ: ಸೇರುವವರಿಗೂ ನಡೆಸುವವರಿಗೂ ಒಂದು ಪಾಠ

ಹನಿ ಹನಿ ಕೂಡಿದರೆ ಹಳ್ಳ ಎಂಬುದು ವ್ಯಾಪಾರಕ್ಕೂ ಸಲ್ಲುವ ಮಾತು. ಒಬ್ಬ ವರ್ತಕನ ಶಕ್ತಿಗೆ ಮೀರಿದ ಜಾಹೀರಾತು ವೆಚ್ಚವನ್ನು ಹತ್ತು ಮಂದಿ ಸೇರಿ ಭರಿಸುವ ಪದ್ಧತಿ ಹೊಸದೇನಲ್ಲ. 1935ರ ಕಾಯ್ದೆಯನ್ವಯ ಕಾಫಿಯ ಮೇಲೆ ಉಪಕರ ವಿಧಿಸಿ, ಅದರಿಂದ ಬಂದ ಹಣವನ್ನು ಕಾಫಿಯ ಪ್ರಚಾರಕ್ಕೆ ಬಳಸುವ ವ್ಯವಸ್ಥೆ ರೂಪುಗೊಂಡಿತು. ಆ ಉಪಕರ ಸಮಿತಿಯೇ 1936ರಲ್ಲಿ ಮುಂಬಯಿಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸನ್ನು ತೆರೆಯಿತು. ಕೊಡಗು, ಚಿಕ್ಕಮಗಳೂರು, ಹಾಸನಗಳ ಬೆಳೆಗಾರರು ಪ್ರತ್ಯೇಕವಾಗಿ ಎಂದೂ ಮಾಡಲಾಗದ ಪ್ರಚಾರ ಹೀಗೆ ಸಾಧ್ಯವಾಯಿತು. 1982ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯು ಕೋಳಿ ಸಾಕಣೆದಾರರ ಪರವಾಗಿ ಮೊಟ್ಟೆಯ ಜಾಹೀರಾತನ್ನು ದೇಶದಾದ್ಯಂತ ಹಬ್ಬಿಸಿದ್ದೂ ಇದೇ ತತ್ತ್ವದ ಮೇಲೆ.

ಅಂತರ್ಜಾಲ ವ್ಯಾಪಾರದಲ್ಲಿಯೂ ಈ ತತ್ತ್ವ ಕಾಲಿಟ್ಟಿದೆ. ಅಫಿಲಿಯೇಟ್ ಮಾರಾಟದಲ್ಲಿ ತೊಡಗಿರುವವರು ಹಣ ಕೂಡಿಸಿ ಜಾಹೀರಾತು ಕೊಳ್ಳುವ, ಬಂದ ಗ್ರಾಹಕರನ್ನು ತಮ್ಮಲ್ಲಿ ಹಂಚಿಕೊಳ್ಳುವ ಜಂಟಿ ನಿಧಿಗಳು ಇಂದು ಹಲವೆಡೆ ಕಾಣಸಿಗುತ್ತವೆ. ಇವುಗಳಲ್ಲಿ ಪ್ರಾಮಾಣಿಕವಾದವೂ ಇವೆ, ಜಾಹೀರಾತಿನ ಹೆಸರಿನಲ್ಲಿ ಠೇವಣಿ ಸಂಗ್ರಹಿಸುವವೂ ಇವೆ. ಎರಡರ ನಡುವಿನ ವ್ಯತ್ಯಾಸವನ್ನು ಲೆಕ್ಕದ ಮೂಲಕ ಅರಿಯುವುದು ಸಣ್ಣ ಉದ್ದಿಮೆದಾರರಿಗೂ ಈ ಕ್ಷೇತ್ರಕ್ಕೆ ಹೊಸದಾಗಿ ಬರುವ ಯುವಕರಿಗೂ ಅತ್ಯಗತ್ಯ.

1. ಅಫಿಲಿಯೇಟ್ ಮಾರಾಟವೆಂದರೇನು?

ಇದು ಮೂಲತಃ ಕಮಿಷನ್ ವ್ಯಾಪಾರ. ಬೇರೊಬ್ಬರ ಸರಕನ್ನು ತನ್ನ ಜಾಲತಾಣದಲ್ಲಿಯೋ ಜಾಹೀರಾತಿನಲ್ಲಿಯೋ ಪರಿಚಯಿಸಿ, ಆ ಮೂಲಕ ಬಂದ ಗ್ರಾಹಕನು ಖರೀದಿ ಮಾಡಿದರೆ ಮಾತ್ರ ಕಮಿಷನ್ ಪಡೆಯುವ ವ್ಯವಸ್ಥೆ. ಪ್ರತಿ ಸಹಯೋಗಿಗೂ ಪ್ರತ್ಯೇಕ ಸಂಕೇತವುಳ್ಳ ಲಿಂಕ್ ಇರುತ್ತದೆ. ಗ್ರಾಹಕನು ಅದನ್ನು ಒತ್ತಿದಾಗ ಅವನ ಗಣಕಯಂತ್ರದಲ್ಲಿ ಅಥವಾ ಮೊಬೈಲಿನಲ್ಲಿ ‘ಕುಕೀ’ ಎಂಬ ಗುರುತು ಉಳಿಯುತ್ತದೆ. ನಿಗದಿತ ಅವಧಿಯೊಳಗೆ ಖರೀದಿ ನಡೆದರೆ ಕಮಿಷನ್ ಆ ಸಹಯೋಗಿಯ ಖಾತೆಗೆ ಜಮೆಯಾಗುತ್ತದೆ. 1996ರಲ್ಲಿ ಅಮೆಜಾನ್ ಸಂಸ್ಥೆ ಆರಂಭಿಸಿದ ಸಹಯೋಗಿ ಕಾರ್ಯಕ್ರಮ ಈ ಪದ್ಧತಿಯನ್ನು ಜನಪ್ರಿಯಗೊಳಿಸಿತು.

ಅದೇ 1996ರಲ್ಲಿ ಲಿಂಕ್‌ಎಕ್ಸ್‌ಚೇಂಜ್ ಎಂಬ ಸಂಸ್ಥೆಯೂ ಹುಟ್ಟಿತು. ಅದರ ಸದಸ್ಯರು ತಮ್ಮ ತಾಣದಲ್ಲಿ ಇತರರ ಎರಡು ಜಾಹೀರಾತುಗಳನ್ನು ತೋರಿಸಿದರೆ, ಅವರದೊಂದು ಜಾಹೀರಾತು ಬೇರೆಡೆ ಉಚಿತವಾಗಿ ಪ್ರಕಟವಾಗುತ್ತಿತ್ತು. ಉಳಿದ ಜಾಗವನ್ನು ಸಂಸ್ಥೆ ಮಾರುತ್ತಿತ್ತು. 1998ರಲ್ಲಿ ಮೈಕ್ರೋಸಾಫ್ಟ್ ಇದನ್ನು 26.5 ಕೋಟಿ ಡಾಲರಿಗೆ ಕೊಂಡುಕೊಂಡಿತು. ಸಣ್ಣ ತಾಣಗಳ ಬಿಡಿ ಜಾಗವನ್ನು ಒಟ್ಟುಗೂಡಿಸಿದರೆ ಅದಕ್ಕೊಂದು ಬೆಲೆಯುಂಟೆಂಬುದು ಇದರಿಂದ ಸಿದ್ಧವಾಯಿತು.

2. ಜಂಟಿ ನಿಧಿಯ ಅವಶ್ಯಕತೆ

ಶೋಧ ತಾಣಗಳಲ್ಲಿ ಜಾಹೀರಾತಿನ ಬೆಲೆ ನಿಗದಿಯಾಗುವುದು ಹರಾಜಿನ ಮೂಲಕ. ಒಂದೇ ಕಂಪನಿಯ ಸರಕನ್ನು ಮಾರುವ ಹತ್ತು ಸಹಯೋಗಿಗಳು ಒಂದೇ ಪದಕ್ಕೆ ಪ್ರತ್ಯೇಕವಾಗಿ ಬೆಲೆ ಕೂಗಿದರೆ, ತಮ್ಮತಮ್ಮಲ್ಲೇ ಸ್ಪರ್ಧಿಸಿ ಬೆಲೆಯನ್ನು ಏರಿಸಿಕೊಂಡಂತಾಗುತ್ತದೆ. ಇದಲ್ಲದೆ, ಒಂದೇ ವಿಳಾಸಕ್ಕೆ ಕರೆದೊಯ್ಯುವ ಹಲವು ಜಾಹೀರಾತುಗಳಿದ್ದರೂ ಒಂದು ಶೋಧಕ್ಕೆ ಒಂದನ್ನು ಮಾತ್ರ ತೋರಿಸುವ ನಿಯಮವನ್ನು ಗೂಗಲ್ ಸಂಸ್ಥೆ 2005ರಲ್ಲಿ ಜಾರಿಗೆ ತಂದಿತು. ಆಗಿನಿಂದ ಬಿಡಿ ಸಹಯೋಗಿಗಳ ಕಷ್ಟ ಇನ್ನೂ ಹೆಚ್ಚಿತು.

ಎರಡನೆಯ ಕಾರಣ ಪರೀಕ್ಷೆಯ ವೆಚ್ಚ. ಯಾವ ಜಾಹೀರಾತು ಫಲ ಕೊಡುತ್ತದೆಂದು ತಿಳಿಯಲು ಸಾಕಷ್ಟು ಕ್ಲಿಕ್ಕುಗಳು ಬೇಕು. ತಿಂಗಳಿಗೆ ಐದು ಸಾವಿರ ರೂಪಾಯಿ ವ್ಯಯಿಸುವವನಿಗೆ ಈ ಅರಿವು ಬರುವ ಮೊದಲೇ ಬಂಡವಾಳ ಕರಗಿರುತ್ತದೆ. ಮೂರನೆಯದು ಪರಿಣತಿ. ಜಾಹೀರಾತಿನ ಒಕ್ಕಣೆ, ಗ್ರಾಹಕ ಮೊದಲು ತಲಪುವ ಪುಟದ ರಚನೆ, ದೈನಂದಿನ ನಿಗಾ ಇವೆಲ್ಲಕ್ಕೂ ಒಬ್ಬ ಅನುಭವಿಯನ್ನು ಎಲ್ಲರೂ ಸೇರಿ ನೇಮಿಸಿಕೊಳ್ಳಬಹುದು.

3. ನಿಧಿ ನಡೆಯುವ ಬಗೆ

ಸಂಚಾಲಕನು ನಿಧಿಯನ್ನು ಸಮಾನ ಪಾಲುಗಳಾಗಿ ವಿಂಗಡಿಸುತ್ತಾನೆ. ಸದಸ್ಯರು ತಮ್ಮ ಶಕ್ತ್ಯನುಸಾರ ಒಂದೋ ಹಲವೋ ಪಾಲುಗಳನ್ನು ಕೊಳ್ಳುತ್ತಾರೆ. ಜಾಹೀರಾತನ್ನು ಒತ್ತಿದ ಗ್ರಾಹಕರು ಒಂದು ಸಾಮಾನ್ಯ ಪುಟಕ್ಕೆ ಬರುತ್ತಾರೆ. ಅಲ್ಲಿಂದ ‘ರೊಟೇಟರ್’ ಎಂಬ ತಂತ್ರಾಂಶ ಅವರನ್ನು ಸರದಿಯಂತೆ ಒಬ್ಬೊಬ್ಬ ಸದಸ್ಯನ ಲಿಂಕಿಗೆ ಕಳುಹಿಸುತ್ತದೆ. ನಾಲ್ಕು ಪಾಲಿನವನಿಗೆ ನಾಲ್ವರು ಗ್ರಾಹಕರು ಹೋದರೆ, ಒಂದು ಪಾಲಿನವನಿಗೆ ಒಬ್ಬನು ಹೋಗಬೇಕು.

ಇಲ್ಲಿ ಎರಡು ಸೂಕ್ಷ್ಮಗಳಿವೆ. ಮೊದಲನೆಯದಾಗಿ, ಸರದಿ ಬೆರೆತಿರಬೇಕು. ಒಬ್ಬನ ನೂರು ಕ್ಲಿಕ್ಕುಗಳನ್ನು ಒಟ್ಟಿಗೆ ಮಧ್ಯರಾತ್ರಿ ಕೊಟ್ಟು, ಇನ್ನೊಬ್ಬನ ನೂರನ್ನು ಸಂಜೆ ಎಂಟು ಗಂಟೆಗೆ ಕೊಟ್ಟರೆ ಎಣಿಕೆ ಸಮನಾದರೂ ಬೆಲೆ ಸಮನಾಗದು. ಎರಡನೆಯದಾಗಿ, ಹಿಂದೆ ಬಂದಿದ್ದ ಗ್ರಾಹಕನು ಮರಳಿ ಬಂದಾಗ ಅವನನ್ನು ಮೊದಲಿನ ಸದಸ್ಯನ ಲಿಂಕಿಗೇ ಕಳುಹಿಸಬೇಕು. ಸಾಮಾನ್ಯವಾಗಿ ಕಮಿಷನ್ ಸಲ್ಲುವುದು ಕೊನೆಯ ಕ್ಲಿಕ್ಕಿನ ಒಡೆಯನಿಗೆ. ತಂತ್ರಾಂಶ ಈ ನೆನಪನ್ನು ಇಟ್ಟುಕೊಳ್ಳದಿದ್ದರೆ ಒಬ್ಬನು ಸರಕು ತೋರಿಸಿ ಮನವೊಲಿಸಿದ ಗ್ರಾಹಕನ ಕಮಿಷನ್ ಮತ್ತೊಬ್ಬನ ಪಾಲಾಗುತ್ತದೆ.

4. ಒಂದು ಮಾದರಿ ಲೆಕ್ಕ

ವಿಷಯದ ಸ್ಪಷ್ಟತೆಗಾಗಿ ಒಂದು ಕಾಲ್ಪನಿಕ ನಿಧಿಯನ್ನು ಪರಿಶೀಲಿಸಬಹುದು. ತಲಾ 5,000 ರೂಪಾಯಿಯ 20 ಪಾಲುಗಳು, ಒಟ್ಟು ಸಂಗ್ರಹ 1,00,000 ರೂಪಾಯಿ ಎಂದಿರಲಿ.

ಸಂಚಾಲಕನ ಸಂಭಾವನೆ: 8,000 ರೂಪಾಯಿ.
ಪುಟದ ನಿರ್ಮಾಣ, ರೊಟೇಟರ್ ಮತ್ತು ಪರೀಕ್ಷಾ ವೆಚ್ಚ: 7,000 ರೂಪಾಯಿ.
ಜಾಹೀರಾತಿಗೆ ಉಳಿದದ್ದು: 85,000 ರೂಪಾಯಿ.
ಇದರಲ್ಲಿ ಶೇ. 18ರ ಜಿಎಸ್‌ಟಿ ಕಳೆದರೆ: ಸುಮಾರು 72,000 ರೂಪಾಯಿ.
ಕ್ಲಿಕ್ಕಿಗೆ 12 ರೂಪಾಯಿಯಂತೆ: ಸುಮಾರು 6,000 ಕ್ಲಿಕ್ಕುಗಳು.
ಪಾಲೊಂದಕ್ಕೆ: 300 ಕ್ಲಿಕ್ಕುಗಳು.

ಇದೇ ಸದಸ್ಯನು ತನ್ನ 5,000 ರೂಪಾಯಿಯನ್ನು ಒಬ್ಬನೇ ವ್ಯಯಿಸಿದ್ದರೆ? ತೆರಿಗೆ ಕಳೆದು ಉಳಿಯುವ ಸುಮಾರು 4,237 ರೂಪಾಯಿಗೆ, ಅದೇ 12 ರೂಪಾಯಿ ದರದಲ್ಲಿ, 353 ಕ್ಲಿಕ್ಕುಗಳು ದೊರೆಯುತ್ತಿದ್ದವು. ಅಂದರೆ ಜಂಟಿ ನಿಧಿಗೆ ಸೇರಿದ್ದರಿಂದ 53 ಕ್ಲಿಕ್ಕುಗಳ ನಷ್ಟವೇ ಆಯಿತು!

ಈ ಅಂಶವನ್ನು ಬಹಳ ಮಂದಿ ಗಮನಿಸುವುದಿಲ್ಲ. ಹಣ ಒಟ್ಟುಗೂಡಿದ ಮಾತ್ರಕ್ಕೆ ಲಾಭವಾಗದು. ನಿಧಿಯ ನಿರ್ವಹಣೆಗೆ ಶೇ. 15 ಖರ್ಚಾಗುವುದಾದರೆ, ಒಟ್ಟಾಗಿ ಕೊಳ್ಳುವುದರಿಂದ ಕ್ಲಿಕ್ಕಿನ ಬೆಲೆ ಕನಿಷ್ಠ ಶೇ. 15ರಷ್ಟು, ಅಂದರೆ 12 ರೂಪಾಯಿಯಿಂದ 10 ರೂಪಾಯಿ 20 ಪೈಸೆಗೆ ಇಳಿಯಬೇಕು. ಇಲ್ಲವೇ ಉತ್ತಮ ಪುಟದಿಂದಾಗಿ ಖರೀದಿಸುವವರ ಪ್ರಮಾಣ ಅದಕ್ಕೆ ತಕ್ಕಂತೆ ಏರಬೇಕು. ಎರಡೂ ಆಗದಿದ್ದರೆ ಸದಸ್ಯನು ಸಂಚಾಲಕನಿಗೆ ಸಂಬಳ ಕೊಟ್ಟು ನಷ್ಟ ಕೊಂಡಂತೆ.

ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದುವರಿಸೋಣ. ನೂರಕ್ಕೆ ಒಂದೂವರೆಯಂತೆ ಗ್ರಾಹಕರು ಖರೀದಿಸುತ್ತಾರೆಂದು ಹಿಡಿದರೆ, 300 ಕ್ಲಿಕ್ಕುಗಳಿಂದ ಸರಾಸರಿ ನಾಲ್ಕೂವರೆ ಮಾರಾಟಗಳು. ಹಾಕಿದ 5,000 ರೂಪಾಯಿ ಮರಳಬೇಕಾದರೆ ಪ್ರತಿ ಮಾರಾಟಕ್ಕೆ ಸುಮಾರು 1,111 ರೂಪಾಯಿ ಕಮಿಷನ್ ಬರಬೇಕು. ಕಮಿಷನ್ ಶೇ. 5 ಇರುವ ಸರಕಾದರೆ ಅದರ ಬೆಲೆ 22,000 ರೂಪಾಯಿ ಮೀರಿರಬೇಕು. ಆದ್ದರಿಂದ ಪುಸ್ತಕ, ಬಟ್ಟೆಬರೆ, ಅಡುಗೆಮನೆಯ ಸಾಮಾನುಗಳಂಥ ಸಣ್ಣ ಬೆಲೆಯ ವಸ್ತುಗಳಿಗೆ ಹಣ ಕೊಟ್ಟು ತರಿಸಿದ ಕ್ಲಿಕ್ಕುಗಳು ಗಿಟ್ಟುವುದು ವಿರಳ. ಹೆಚ್ಚಿನ ಕಮಿಷನ್ ನೀಡುವ ತಂತ್ರಾಂಶ, ಜಾಲತಾಣ ಸೇವೆ, ತರಬೇತಿ ಶಿಬಿರ ಮುಂತಾದವುಗಳಿಗಷ್ಟೇ ಈ ಲೆಕ್ಕ ಕೂಡಿಬರುವ ಸಾಧ್ಯತೆಯಿದೆ.

5. ಅದೃಷ್ಟದ ಪಾತ್ರ ಮತ್ತು ಜಗಳದ ಮೂಲ

ಸರಾಸರಿ ನಾಲ್ಕೂವರೆ ಮಾರಾಟ ಎಂದಾಗ ಎಲ್ಲ 20 ಪಾಲುಗಳಿಗೂ ಸಮನಾಗಿ ಅಷ್ಟೇ ದೊರೆಯುತ್ತದೆಂದು ಭಾವಿಸಬಾರದು. ಸಂಭವನೀಯತೆಯ ಗಣಿತದಂತೆ, ರೊಟೇಟರ್ ಎಷ್ಟೇ ನಿಷ್ಪಕ್ಷಪಾತವಾಗಿದ್ದರೂ, ಇಪ್ಪತ್ತರಲ್ಲಿ ಒಂದೆರಡು ಪಾಲುಗಳಿಗೆ ಒಂದೇ ಮಾರಾಟವೋ ಶೂನ್ಯವೋ ಬರುವುದನ್ನು ನಿರೀಕ್ಷಿಸಬೇಕು. ಇನ್ನೊಂದೆರಡಕ್ಕೆ ಎಂಟು ಅಥವಾ ಅದಕ್ಕೂ ಹೆಚ್ಚು ಬರಬಹುದು. ಇದರಲ್ಲಿ ಯಾರ ಮೋಸವೂ ಇಲ್ಲ. ಆದರೆ ಶೂನ್ಯ ಪಡೆದವನು ಹಾಗೆಂದು ನಂಬುವುದು ಕಷ್ಟ. ಪ್ರಾಮಾಣಿಕ ನಿಧಿಗಳು ಒಡೆಯುವುದಕ್ಕೆ ಈ ಅನುಮಾನವೇ ಸಾಕು.

ಇದಕ್ಕೆ ಎರಡು ಪರಿಹಾರಗಳುಂಟು. ಒಂದು, ನಿಧಿಯನ್ನು ಒಂದು ತಿಂಗಳಿಗೆ ಸೀಮಿತಗೊಳಿಸದೆ ಆರು ತಿಂಗಳಾದರೂ ನಡೆಸುವುದು. ಮಾರಾಟಗಳ ಸಂಖ್ಯೆ ಹೆಚ್ಚಿದಂತೆ ಪಾಲುಗಳ ನಡುವಿನ ಅಂತರ, ಒಟ್ಟು ಮೊತ್ತಕ್ಕೆ ಹೋಲಿಸಿದರೆ, ಕಡಿಮೆಯಾಗುತ್ತದೆ. ಎರಡು, ಕ್ಲಿಕ್ಕುಗಳನ್ನು ಹಂಚುವ ಬದಲು ಒಂದೇ ಖಾತೆಯಲ್ಲಿ ಕಮಿಷನ್ ಪಡೆದು ಅದನ್ನು ಪಾಲಿಗನುಗುಣವಾಗಿ ಹಂಚುವುದು. ಎರಡನೆಯ ಕ್ರಮದಲ್ಲಿ ಅದೃಷ್ಟದ ಏರುಪೇರು ಮಾಯವಾಗುತ್ತದೆ. ಆದರೆ ಅಪಾಯ ಬೇರೆಡೆ ತಲೆ ಎತ್ತುತ್ತದೆ. ಹಣವೆಲ್ಲ ಸಂಚಾಲಕನ ಕೈಗೇ ಬರುತ್ತದೆ. ಸದಸ್ಯನು ಮಾರಾಟಗಾರನಾಗಿ ಉಳಿಯದೆ ಬರಿಯ ಹೂಡಿಕೆದಾರನಾಗುತ್ತಾನೆ. ಕ್ಲಿಕ್ ಹಂಚುವ ನಿಧಿಯಲ್ಲಿ ಕಂಪನಿಯು ಕಮಿಷನ್ನನ್ನು ನೇರವಾಗಿ ಸದಸ್ಯನಿಗೇ ಕೊಡುವುದರಿಂದ ಸಂಚಾಲಕನು ಅದನ್ನು ಮುಟ್ಟುವ ಅವಕಾಶವಿರುವುದಿಲ್ಲ. ಹೊಸದಾಗಿ ಸೇರುವವರಿಗೆ ಇದೇ ಹೆಚ್ಚು ಕ್ಷೇಮಕರ.

6. ಜಾಹೀರಾತಿನ ಮುಖವಾಡದ ಠೇವಣಿ ಯೋಜನೆಗಳು

ಜಂಟಿ ಜಾಹೀರಾತು ಎಂಬ ಹೆಸರಿನ ದುರುಪಯೋಗದ ಇತಿಹಾಸ ದೊಡ್ಡದು. ಅಮೆರಿಕದಲ್ಲಿ 2006ರ ಫೆಬ್ರವರಿಯಲ್ಲಿ ಷೇರು ವಿನಿಮಯ ಆಯೋಗವು ‘12ಡೈಲಿಪ್ರೊ’ ಎಂಬ ತಾಣದ ವಿರುದ್ಧ ಮೊಕದ್ದಮೆ ಹೂಡಿತು. 6 ಡಾಲರಿನ ಪಾಲು ಕೊಂಡು ದಿನಕ್ಕೆ ಹನ್ನೆರಡು ಜಾಹೀರಾತು ಪುಟಗಳನ್ನು ನೋಡಿದರೆ, ದಿನಕ್ಕೆ ಶೇ. 12ರಂತೆ 12 ದಿನಗಳಲ್ಲಿ ಶೇ. 144 ಹಿಂದಿರುಗಿಸುವುದು ಅದರ ವಾಗ್ದಾನ. 3 ಲಕ್ಷಕ್ಕೂ ಹೆಚ್ಚು ಜನರಿಂದ 5 ಕೋಟಿ ಡಾಲರಿಗೂ ಮೀರಿ ಸಂಗ್ರಹಿಸಲಾಗಿತ್ತೆಂದೂ, ವರಮಾನದ ಶೇ. 95ರಷ್ಟು ಸದಸ್ಯರ ಹೊಸ ಹಣವೇ ಆಗಿತ್ತೆಂದೂ ಆಯೋಗ ಆರೋಪಿಸಿತು.

2016ರ ಜುಲೈನಲ್ಲಿ ಅದೇ ಆಯೋಗವು ‘ಟ್ರಾಫಿಕ್ ಮಾನ್ಸೂನ್’ ಸಂಸ್ಥೆಯನ್ನು ತಡೆಹಿಡಿಸಿತು. 50 ಡಾಲರಿನ ‘ಆಡ್‌ಪ್ಯಾಕ್’ ಕೊಂಡವರಿಗೆ ತಮ್ಮ ತಾಣಕ್ಕೆ ವೀಕ್ಷಕರು, ಜೊತೆಗೆ ಸಂಸ್ಥೆಯ ವರಮಾನದಲ್ಲಿ 55 ಡಾಲರಿನವರೆಗೆ ಪಾಲು ಎಂಬುದು ಅಲ್ಲಿನ ಕರಾರು. ಪಾಲು ಪಡೆಯಲು ದಿನಕ್ಕೆ 50 ಜಾಹೀರಾತುಗಳನ್ನು ಒತ್ತಬೇಕಿತ್ತು. 1,62,000ಕ್ಕೂ ಹೆಚ್ಚು ಮಂದಿಯಿಂದ 20.7 ಕೋಟಿ ಡಾಲರ್ ಸಂಗ್ರಹವಾಗಿದ್ದು, ಅವರಲ್ಲಿ ಬಹುಪಾಲು ಅಮೆರಿಕದ ಹೊರಗಿನವರೆಂದು ಆಯೋಗ ತಿಳಿಸಿತು. 2019ರ ಜನವರಿಯಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವು ತಡೆಯಾಜ್ಞೆಯನ್ನು ಎತ್ತಿಹಿಡಿಯಿತು.

ಭಾರತದಲ್ಲಿಯೂ 2017ರ ಫೆಬ್ರವರಿಯಲ್ಲಿ ನೋಯ್ಡಾದ ಅಬ್ಲೇಜ್ ಇನ್ಫೋ ಸೊಲ್ಯೂಷನ್ಸ್ ಸಂಸ್ಥೆಯ ಮುಖ್ಯಸ್ಥರನ್ನು ಉತ್ತರ ಪ್ರದೇಶದ ವಿಶೇಷ ಕಾರ್ಯಪಡೆ ಬಂಧಿಸಿತು. ಸದಸ್ಯತ್ವಕ್ಕೆ ಸಾವಿರಾರು ರೂಪಾಯಿ ಕಟ್ಟಿಸಿಕೊಂಡು, ಕ್ಲಿಕ್ಕೊಂದಕ್ಕೆ 5 ರೂಪಾಯಿ ನೀಡುವುದಾಗಿ ನಂಬಿಸಿ, ಲಕ್ಷಾಂತರ ಜನರಿಂದ ಸುಮಾರು 3,700 ಕೋಟಿ ರೂಪಾಯಿ ಸಂಗ್ರಹಿಸಲಾಗಿತ್ತೆಂದು ಪೊಲೀಸರು ಅಂದು ಪ್ರಕಟಿಸಿದರು.

ಮೂರರಲ್ಲಿಯೂ ಕಾಣುವ ಲಕ್ಷಣ ಒಂದೇ: ಜಾಹೀರಾತನ್ನು ನೋಡುವವರೂ ಒತ್ತುವವರೂ ಸದಸ್ಯರೇ. ಹೊರಗಿನಿಂದ ಕೊಳ್ಳುವ ಗ್ರಾಹಕರಿಲ್ಲ. ಸರಕು ಕೊಳ್ಳುವ ಇಚ್ಛೆಯಿಲ್ಲದವನ ಕ್ಲಿಕ್ಕಿಗೆ ಯಾವ ವ್ಯಾಪಾರಿಯೂ ಬಹುಕಾಲ ಬೆಲೆ ಕೊಡಲಾರನು. ಆದುದರಿಂದ ಹಳಬರಿಗೆ ಕೊಡುವ ಹಣ ಹೊಸಬರಿಂದಲೇ ಬರಬೇಕು. ಹೊಸಬರ ಒಳಹರಿವು ಕುಗ್ಗಿದ ದಿನ ಯೋಜನೆ ಕುಸಿಯುತ್ತದೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ಇಂತಹ ಯೋಜನೆಗಳಿಗೆ ಅಕ್ಷರಶಃ ಅನ್ವಯಿಸುತ್ತದೆ.

ನೈಜ ಜಾಹೀರಾತು ನಿಧಿಯು ಕ್ಲಿಕ್ಕುಗಳನ್ನು ಒದಗಿಸುವ ಭರವಸೆ ಕೊಡಬಹುದು, ಲಾಭದ ಭರವಸೆಯನ್ನು ಕೊಡಲಾರದು. ನಿಶ್ಚಿತ ಪ್ರತಿಫಲದ ಮಾತು ಬಂದ ಕ್ಷಣವೇ ಅದು ಜಾಹೀರಾತು ವ್ಯವಹಾರವಾಗಿ ಉಳಿಯುವುದಿಲ್ಲ.

7. ಕಾನೂನಿನ ಚೌಕಟ್ಟು

ಹೊಸ ಸದಸ್ಯರನ್ನು ಸೇರಿಸುವುದರ ಮೇಲೆಯೇ ಲಾಭ ನಿಂತಿರುವ ಯೋಜನೆಗಳು 1978ರ ಪ್ರೈಜ್ ಚಿಟ್ ಮತ್ತು ಹಣ ಚಲಾವಣೆ ಯೋಜನೆಗಳ (ನಿಷೇಧ) ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಹಿಂದಿರುಗಿಸುವ ವಾಗ್ದಾನದೊಂದಿಗೆ ಹಣ ಸಂಗ್ರಹಿಸಿದರೆ 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ ಹಾಗೂ ಕರ್ನಾಟಕದಲ್ಲಿ 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆ ಅನ್ವಯವಾಗಬಹುದು. ಹಲವರ ಹಣವನ್ನು ಒಗ್ಗೂಡಿಸಿ, ಅವರಿಗೆ ದೈನಂದಿನ ಹಿಡಿತವಿಲ್ಲದಂತೆ ಬೇರೊಬ್ಬನು ನಿರ್ವಹಿಸಿ ಲಾಭ ಹಂಚಿದರೆ ಸೆಬಿ ಕಾಯ್ದೆಯ ಸಾಮೂಹಿಕ ಹೂಡಿಕೆ ಯೋಜನೆಯ ಪ್ರಶ್ನೆಯೂ ಏಳುತ್ತದೆ. ಕಮಿಷನ್ನನ್ನು ಒಂದೇ ಖಾತೆಯಲ್ಲಿ ಪಡೆದು ಹಂಚುವ ನಿಧಿಗಳು ಈ ಕಾರಣಕ್ಕೆ ಮೊದಲೇ ವಕೀಲರ ಸಲಹೆ ಪಡೆಯುವುದು ಒಳಿತು. ಲಿಖಿತ ಕರಾರಿಲ್ಲದಿದ್ದರೂ ವ್ಯವಹಾರದ ಸ್ವರೂಪದಿಂದ ಪಾಲುದಾರಿಕೆ ಏರ್ಪಟ್ಟಿದೆಯೆಂದು ನ್ಯಾಯಾಲಯ ಭಾವಿಸಿದಲ್ಲಿ, 1932ರ ಪಾಲುದಾರಿಕೆ ಕಾಯ್ದೆಯಂತೆ ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆಯಾಗಬೇಕಾಗುತ್ತದೆ.

ಜಾಹೀರಾತಿನ ಒಕ್ಕಣೆಗೂ ಕಟ್ಟುಪಾಡುಗಳಿವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಪುನರಾವರ್ತನೆಯಾದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಸರಕನ್ನು ಶಿಫಾರಸು ಮಾಡುವವನು ಅದರಿಂದ ತನಗೆ ದೊರೆಯುವ ಲಾಭದ ಸಂಬಂಧವನ್ನು ಪ್ರಕಟಪಡಿಸಬೇಕೆಂದು 2022ರ ಮಾರ್ಗಸೂಚಿ ವಿಧಿಸುತ್ತದೆ. ಸಾಮಾನ್ಯ ಪುಟದಲ್ಲಿ ಈ ಸೂಚನೆ ಇಲ್ಲದಿದ್ದರೆ ಹೊಣೆ ಸಂಚಾಲಕನಿಗಷ್ಟೇ ಸೀಮಿತವಾಗದು.

ತೆರಿಗೆಯ ವಿಷಯದಲ್ಲಿ ಬಿಲ್ಲು ಯಾರ ಹೆಸರಿನಲ್ಲಿದೆ ಎಂಬುದೇ ಮುಖ್ಯ. ಜಾಹೀರಾತು ಸಂಸ್ಥೆಯ ಬಿಲ್ಲು ಸಂಚಾಲಕನ ಹೆಸರಿನಲ್ಲಿ ಮಾತ್ರ ಇದ್ದು, ಅವನು ಸದಸ್ಯರಿಗೆ ತೆರಿಗೆ ಬಿಲ್ಲು ಕೊಡದಿದ್ದರೆ, ಜಿಎಸ್‌ಟಿ ನೋಂದಾಯಿತ ಸದಸ್ಯರು ಹೂಡುವಳಿ ತೆರಿಗೆ ಜಮೆ ಪಡೆಯಲಾರರು. ಸೇವೆಗಳಿಗೆ ವಾರ್ಷಿಕ 20 ಲಕ್ಷ ರೂಪಾಯಿಯ ಸಾಮಾನ್ಯ ನೋಂದಣಿ ಮಿತಿಯನ್ನು ಸಂಚಾಲಕನು ಮರೆಯಬಾರದು. ಆನ್‌ಲೈನ್ ಜಾಹೀರಾತಿನ ಮೇಲೆ 2016ರಲ್ಲಿ ಬಂದಿದ್ದ ಶೇ. 6ರ ಸಮೀಕರಣ ಸುಂಕವು 2025ರ ಏಪ್ರಿಲ್ 1ರಿಂದ ರದ್ದಾಗಿದೆ. ಅದರ ಹೆಸರಿನಲ್ಲಿ ಇನ್ನೂ ಹಣ ಮುರಿದುಕೊಳ್ಳುವ ಸಂಚಾಲಕನಿದ್ದರೆ ವಿವರಣೆ ಕೇಳಬೇಕು.

ಕೊನೆಯದಾಗಿ, ಸರಕಿನ ಕಂಪನಿಯ ನಿಯಮಗಳು. ಅಮೆಜಾನ್ 2009ರ ಮೇ 1ರಿಂದ ಉತ್ತರ ಅಮೆರಿಕದಲ್ಲಿ, ಹಣ ಕೊಟ್ಟ ಶೋಧ ಜಾಹೀರಾತಿನಿಂದ ನೇರವಾಗಿ ಕಳುಹಿಸಿದ ಗ್ರಾಹಕರಿಗೆ ಕಮಿಷನ್ ಕೊಡುವುದನ್ನು ನಿಲ್ಲಿಸಿತು. ತನ್ನ ಹೆಸರನ್ನು ಶೋಧ ಪದವಾಗಿ ಕೊಳ್ಳುವುದನ್ನು ನಿಷೇಧಿಸುವ ಕಂಪನಿಗಳೂ ಹಲವು. ಸಂಚಾಲಕನು ಈ ನಿಯಮ ಮುರಿದರೆ ರದ್ದಾಗುವುದು ಸದಸ್ಯರ ಖಾತೆ, ಮುಟ್ಟುಗೋಲಾಗುವುದು ಅವರ ಕಮಿಷನ್.

8. ಸೇರುವವರು ಕೇಳಬೇಕಾದ ಪ್ರಶ್ನೆಗಳು

(ಅ) ಜಾಹೀರಾತು ಎಲ್ಲಿ ಪ್ರಕಟವಾಗುತ್ತದೆ? ಅದನ್ನು ನೋಡುವವರು ಹೊರಗಿನ ಗ್ರಾಹಕರೋ ಅಥವಾ ಸದಸ್ಯರೋ?
(ಆ) ಸಂಗ್ರಹವಾದ ಪ್ರತಿ ನೂರು ರೂಪಾಯಿಯಲ್ಲಿ ಜಾಹೀರಾತಿಗೆ ತಲಪುವುದೆಷ್ಟು?
(ಇ) ಜಾಹೀರಾತು ಖಾತೆಯನ್ನು ಸದಸ್ಯರು ಸ್ವತಃ ನೋಡಲು ಅವಕಾಶವಿದೆಯೇ? ಸಂಚಾಲಕ ಸಿದ್ಧಪಡಿಸಿದ ಪಟ್ಟಿಯನ್ನಷ್ಟೇ ನಂಬಬೇಕೇ?
(ಈ) ಯಂತ್ರಗಳಿಂದ ಬರುವ ನಕಲಿ ಕ್ಲಿಕ್ಕುಗಳನ್ನು ಹೇಗೆ ಬೇರ್ಪಡಿಸಲಾಗುತ್ತದೆ? ಅವು ಸದಸ್ಯನ ಪಾಲಿನ ಎಣಿಕೆಗೆ ಸೇರುತ್ತವೆಯೇ?
(ಉ) ಸಂಚಾಲಕನೂ ಪಾಲುದಾರನೇ? ಹೌದಾದರೆ ಅವನ ಲಿಂಕಿಗೆ ಹೋದ ಕ್ಲಿಕ್ಕುಗಳ ಲೆಕ್ಕ ಪ್ರಕಟವಾಗುತ್ತದೆಯೇ?
(ಊ) ನಡುವೆ ಹೊರಬಂದರೆ ಖರ್ಚಾಗದ ಹಣ ಎಷ್ಟು ದಿನಗಳಲ್ಲಿ ಮರಳುತ್ತದೆ?
(ಋ) ಬೇರೆಯವರನ್ನು ಸೇರಿಸಿದ್ದಕ್ಕೆ ಹಣ ಕೊಡುವ ಪದ್ಧತಿಯಿದೆಯೇ? ಇದ್ದರೆ ದೂರ ಉಳಿಯುವುದೇ ಲೇಸು.

9. ನಡೆಸುವವರು ಪಾಲಿಸಬೇಕಾದ ಕ್ರಮಗಳು

ನಿಧಿಗೆ ಪ್ರತ್ಯೇಕ ಬ್ಯಾಂಕ್ ಖಾತೆ ಇರಬೇಕು. ಸ್ವಂತ ವ್ಯವಹಾರದ ಹಣ ಅದರೊಡನೆ ಬೆರೆಯಬಾರದು. ಸಂಭಾವನೆಯನ್ನು ಮೊದಲೇ ನಿಗದಿಪಡಿಸಿ ಬರವಣಿಗೆಯಲ್ಲಿ ತಿಳಿಸಬೇಕು. ಒಟ್ಟು ಸಂಗ್ರಹದ ಹತ್ತನೆಯ ಒಂದು ಭಾಗವನ್ನು ಮೊದಲು ಪರೀಕ್ಷೆಗೆ ಬಳಸಿ, ಫಲಿತಾಂಶವನ್ನು ಸದಸ್ಯರ ಮುಂದಿಟ್ಟು, ಒಪ್ಪಿಗೆ ದೊರೆತ ಮೇಲೆ ಉಳಿದದ್ದನ್ನು ವ್ಯಯಿಸುವುದು ವಿವೇಕದ ಕ್ರಮ. ಕ್ಲಿಕ್ಕಿನ ಬೆಲೆ ಇಂತಿಷ್ಟಕ್ಕಿಂತ ಏರಿದರೆ ಜಾಹೀರಾತನ್ನು ನಿಲ್ಲಿಸಲಾಗುವುದೆಂಬ ಷರತ್ತನ್ನು ಕರಾರಿನಲ್ಲಿ ಸೇರಿಸಬೇಕು. ವಾರಕ್ಕೊಮ್ಮೆ ಖರ್ಚು, ಕ್ಲಿಕ್ಕು, ಹಂಚಿಕೆಗಳ ತಖ್ತೆಯನ್ನು ಎಲ್ಲ ಸದಸ್ಯರಿಗೂ ಒಂದೇ ರೂಪದಲ್ಲಿ ಕಳುಹಿಸಬೇಕು. ಸಂಚಾಲಕನೇ ಪಾಲು ಹೊಂದಿದ್ದರೆ ರೊಟೇಟರ್‌ನ ದಾಖಲೆಯನ್ನು ಪರಿಶೀಲಿಸಲು ಸದಸ್ಯರಲ್ಲೊಬ್ಬರನ್ನು ನೇಮಿಸಬೇಕು.

ಕಾಫಿಯ ಪ್ರಚಾರಕ್ಕೂ ಇಂದಿನ ಅಫಿಲಿಯೇಟ್ ನಿಧಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಕಾಫಿ ಕುಡಿಯುವವರು ಹೆಚ್ಚಿದರೆ ಬೇಡಿಕೆ ಏರಿ ಎಲ್ಲ ಬೆಳೆಗಾರರಿಗೂ ಪ್ರಯೋಜನವಾಗುತ್ತಿತ್ತು. ಅಲ್ಲಿ ಗ್ರಾಹಕರನ್ನು ಎಣಿಸಿ ಹಂಚುವ ಪ್ರಮೇಯವೇ ಇರಲಿಲ್ಲ. ಇಲ್ಲಿ ಬಂದ ಪ್ರತಿಯೊಬ್ಬ ಗ್ರಾಹಕನೂ ಒಬ್ಬ ಸದಸ್ಯನಿಗಷ್ಟೇ ಸಲ್ಲುತ್ತಾನೆ. ಆದ್ದರಿಂದ ಒಗ್ಗಟ್ಟಿಗಿಂತ ಹೆಚ್ಚಾಗಿ ಲೆಕ್ಕಪತ್ರವೇ ಇಂತಹ ನಿಧಿಯನ್ನು ಕಾಯಬೇಕು. ನಿರ್ವಹಣೆಯ ಖರ್ಚನ್ನು ಮೀರಿಸುವಷ್ಟು ಉಳಿತಾಯ ತೋರಿಸಬಲ್ಲ, ಪುಸ್ತಕ ತೆರೆದಿಡಬಲ್ಲ ನಿಧಿಗೆ ಸೇರುವುದರಿಂದ ಸಣ್ಣ ವ್ಯಾಪಾರಿಗೆ ನಿಜವಾದ ಅನುಕೂಲವುಂಟು. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಆ ಐದು ಸಾವಿರ ರೂಪಾಯಿಯನ್ನು ತಾನೇ, ತನ್ನ ಕಣ್ಣೆದುರಿನಲ್ಲಿ, ವ್ಯಯಿಸುವುದು ಮೇಲು.